ಎಡಮೂಲೆಯ ಕಪ್ಪು

ಅಪ್ಪ ತೆಗೆದ ಚಿತ್ರಗಳಲ್ಲಿ ಮನೆಯವರೆಲ್ಲ ಮತ್ತೆ ಮತ್ತೆ ನೋಡುತ್ತಿದ್ದದ್ದು ಅಜ್ಜಿಯ ಚಿತ್ರವನ್ನು. ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಯ ಅಡುಗೆಮನೆ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಅಜ್ಜಿ ಊದುಗೊಳವೆಯನ್ನು ಬಾಯಿಗೆ ಹಿಡಿದಿದ್ದಾಳೆ. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲಕೋಲು ಹೊಗೆಯನ್ನು ಸೀಳಿಕೊಂಡು ಅವಳ ಹೆಗಲ ಮೇಲೆ ನಿಂತಿದೆ. ಹಿಂದಿನ ಗೋಡೆ, ಅಟ್ಟದ ತೊಲೆ, ತೂಗಾಡುವ ಇಲ್ಲಣ ಎಲ್ಲವೂ ಕಪ್ಪು. 1971ರ ಚಿತ್ರ. ಅಪ್ಪ ಆಗ ಹೈಸ್ಕೂಲು ಮೇಷ್ಟ್ರು. ಕೈಯಲ್ಲೊಂದು ಯಾಶಿಕಾ ಮ್ಯಾಟ್ ಕ್ಯಾಮೆರಾ ಇತ್ತು, ರಾತ್ರಿ ಊಟವಾದ ಮೇಲೆ ಬಚ್ಚಲುಮನೆಯೇ ಅವರು ಫೋಟೋ ತೊಳೆಯುವ ಕತ್ತಲೆಕೋಣೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದದ ಖಾಲಿ ಲಕೋಟೆಗಳು ಅವರ ಪೆಟ್ಟಿಗೆಯಲ್ಲಿ ಇನ್ನೂ ಇವೆ.

ಶಿವಮೊಗ್ಗದಲ್ಲಿರುವ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಈಗ ಎಂಬತ್ತನಾಲ್ಕು. ಹೋದ ವರ್ಷ ದೀಪಾವಳಿಗೆ ಹೋಗಿದ್ದಾಗ, "ನಿನ್ನ ಅಪ್ಪನ ನೆಗೆಟಿವ್‌ಗಳೆಲ್ಲ ನಿನ್ನ ಹತ್ತಿರವೇ ಇವೆಯಲ್ಲ, ಅಮ್ಮನ ಆ ಪಟ ಒಂದನ್ನು ದೊಡ್ಡದು ಮಾಡಿ ಕೊಡು ಮಾರಾಯ, ಗೋಡೆಗೆ ಹಾಕಬೇಕು" ಎಂದರು. ಅವರ ಬಳಿ ಇದ್ದದ್ದು ಪೋಸ್ಟ್‌ಕಾರ್ಡಿನಷ್ಟು ಅಗಲದ ಪ್ರಿಂಟು. ಅಂಚುಗಳಲ್ಲಿ ಬೆಳ್ಳಿ ಮೇಲೆದ್ದು ನೀಲಿಗಟ್ಟಿ ಹೊಳೆಯುತ್ತಿತ್ತು. ಆಯಿತು, ಒಂದು ವಾರದಲ್ಲಿ ಕಳಿಸುತ್ತೇನೆ ಎಂದು ಹೇಳಿ ಬಂದೆ. ಆರು ತಿಂಗಳು ಹಿಡಿಯಿತು.

ಬಣ್ಣದ ಚಿತ್ರಕ್ಕಿಂತ ಕಪ್ಪು ಬಿಳುಪಿನ ಚಿತ್ರವನ್ನು ಮುದ್ರಿಸುವುದು ಸುಲಭ ಎಂದು ನಾನು ನಂಬಿದ್ದೆ. ಬಣ್ಣವೇ ಇಲ್ಲದ ಮೇಲೆ ಬಣ್ಣ ಕೆಡುವುದು ಎಲ್ಲಿಂದ? ನಡೆದದ್ದು ಬೇರೆ. ಸೀರೆಯ ಕೆಂಪು ಒಂದು ಪಾಲು ಹೆಚ್ಚಾದರೆ ಯಾರೂ ಗಮನಿಸುವುದಿಲ್ಲ. ಬೂದು ಬಣ್ಣ ಕೂದಲೆಳೆಯಷ್ಟು ಹಸಿರಿನ ಕಡೆಗೆ ಸರಿದರೆ ಮಗುವಿಗೂ ಗೊತ್ತಾಗುತ್ತದೆ. ಮನೆಯಲ್ಲಿದ್ದದ್ದು ನಾಲ್ಕು ಬಣ್ಣದ ಮಾಮೂಲಿ ಇಂಕ್‌ಜೆಟ್ ಪ್ರಿಂಟರ್: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಅಜ್ಜಿಯ ಹೆಗಲು ಟ್ಯೂಬ್‌ಲೈಟಿನ ಕೆಳಗೆ ಪಾಚಿ ಹಿಡಿದಂತೆ ಹಸಿರಾಗಿ ಕಂಡಿತು. ಅದೇ ಹಾಳೆಯನ್ನು ಕಿಟಕಿಗೆ ಒಯ್ದರೆ ಗುಲಾಬಿ. ಇಂತಹ ಯಂತ್ರದಲ್ಲಿ ಬೂದು ಎಂದರೆ ಮೂರು ಬಣ್ಣಗಳ ನಡುವಿನ ಒಪ್ಪಂದ. ಒಂದೊಂದು ಶಾಯಿಯೂ ಬೆಳಕಿನ ಒಂದೊಂದು ಪಾಲನ್ನು ಹೀರುವುದರಿಂದ, ಒಂದು ದೀಪದಡಿ ಸಮವಾಗಿ ನಿಂತ ತಕ್ಕಡಿ ಇನ್ನೊಂದು ದೀಪದಡಿ ವಾಲುತ್ತದೆ. ಬಣ್ಣಗಳನ್ನು ಬಿಟ್ಟು ಬರೀ ಕಪ್ಪು ಶಾಯಿಯಲ್ಲೇ ಮುದ್ರಿಸು ಎಂದು ಯಂತ್ರಕ್ಕೆ ಹೇಳಿ ನೋಡಿದೆ. ವಾಲುವುದೇನೋ ನಿಂತಿತು, ಆದರೆ ಬಿಸಿಲು ಬಿದ್ದ ಹೆಗಲ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕಿಗಳು. ಒಂದೇ ಗಾಢ ಕಪ್ಪಿನಿಂದ ತಿಳಿ ಬೂದು ಬರಬೇಕೆಂದರೆ ಚುಕ್ಕಿಗಳನ್ನು ದೂರದೂರ ಇಡುವುದೊಂದೇ ಅದಕ್ಕಿರುವ ದಾರಿ.

ಊರಿನ ಒಂದು ಲ್ಯಾಬಿಗೂ ಕೊಟ್ಟೆ. ಅಲ್ಲಿಂದ ಬಂದದ್ದು ಬಣ್ಣದ ಫೋಟೋ ಕಾಗದದ ಮೇಲೆ ತೆಗೆದ ಪ್ರಿಂಟು. ತಿಳಿ ಭಾಗದಲ್ಲಿ ನೀಲಿ, ನೆರಳಿನಲ್ಲಿ ಕಂದು. ಅಡುಗೆಮನೆಯ ಹಿಂದಿನ ಗೋಡೆ ಒಂದೇ ಮುದ್ದೆಯಾಗಿತ್ತು.

ಆಮೇಲೆ ನಾನು ಓದಲು ಕುಳಿತೆ. ಇಂಕ್‌ಜೆಟ್ ಮುದ್ರಣಕ್ಕೆ ಕಲೆಯ ಲೋಕದಲ್ಲಿ ಬಾಗಿಲು ತೆರೆದವರಲ್ಲಿ ಒಬ್ಬರು ಹಾಡುಗಾರ ಗ್ರಹಾಂ ನ್ಯಾಶ್, ಅದೂ ಅವರ ಕಪ್ಪು ಬಿಳುಪಿನ ಭಾವಚಿತ್ರಗಳ ಸಲುವಾಗಿ ಎಂದು ತಿಳಿದು ಖುಷಿಯಾಯಿತು. ಅಚ್ಚಿನ ಕರಡು ತೆಗೆಯಲೆಂದು ಮಾಡಿದ್ದ ಐರಿಸ್ ಎಂಬ ದೊಡ್ಡ ಯಂತ್ರವನ್ನು ಕೊಂಡು ಅವರು ಕ್ಯಾಲಿಫೋರ್ನಿಯಾದಲ್ಲಿ ಮುದ್ರಣಾಲಯ ಆರಂಭಿಸಿದ್ದು 1991ರಲ್ಲಿ. ಆ ಯಂತ್ರ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಮುಂದೆ ಅಮೆರಿಕದ ವರ್ಮಾಂಟಿನ ಮುದ್ರಣಕಾರ ಜಾನ್ ಕೋನ್ ಬಣ್ಣದ ಕಾರ್ಟ್ರಿಜ್‌ಗಳನ್ನೆಲ್ಲ ತೆಗೆದುಹಾಕಿ ಆ ಜಾಗದಲ್ಲಿ ಬರೀ ಬೂದಿನ ಹಲವು ಹದಗಳನ್ನು ತುಂಬಿದರು. 2005ರಲ್ಲಿ ಬಂದ ಎಪ್ಸನ್ ಆರ್-2400ರಲ್ಲಿ ಕಪ್ಪು, ತಿಳಿಗಪ್ಪು, ಅದಕ್ಕಿಂತಲೂ ತಿಳಿಗಪ್ಪು ಎಂಬ ಮೂರು ಶಾಯಿಗಳು ಮೇಜಿನ ಮೇಲಿಡುವ ಯಂತ್ರದೊಳಗೇ ಒಟ್ಟಾಗಿ ಕುಳಿತವು. ಅದು ಚೆಲ್ಲುವ ಅತಿ ಸಣ್ಣ ಹನಿ ಮೂರೂವರೆ ಪಿಕೋಲೀಟರ್, ಅಂದರೆ ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಮೂರೂವರೆ ಪಾಲು. ತಿಳಿ ಬೂದು ಬೇಕಾದಲ್ಲಿ ತಿಳಿ ಶಾಯಿಯ ಹನಿಗಳನ್ನೇ ಒತ್ತೊತ್ತಾಗಿ ಇಡಬಹುದು. ಎಳ್ಳು ಮಾಯವಾಗುವುದು ಹೀಗೆ.

ಮೂರು ಕಪ್ಪುಗಳಿರುವ ಅಂಥದೇ ಒಂದು ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಅದರ ಶಾಯಿ ನೀರಿನಲ್ಲಿ ಕರಗಿದ ಬಣ್ಣವಲ್ಲ, ನೀರಿನಲ್ಲಿ ತೇಲುವ ಪುಡಿ. ಕಪ್ಪಿನ ಪುಡಿ ಕಾರ್ಬನ್, ನಮ್ಮ ಮಾತಿನಲ್ಲಿ ಮಸಿ. ಇದು ತಿಳಿದ ದಿನ ನಾನು ಬಹಳ ಹೊತ್ತು ಅಜ್ಜಿಯ ಚಿತ್ರವನ್ನೇ ನೋಡುತ್ತ ಕುಳಿತೆ. ಆ ಗೋಡೆಗೆ ನೂರು ವರ್ಷ ಹಿಡಿದದ್ದೂ ಅದೇ ಮಸಿ. ದೀಪದ ಕುಡಿಯ ಮೇಲೆ ತಟ್ಟೆ ಕವುಚಿ ಅಜ್ಜಿ ಹಿಡಿಯುತ್ತಿದ್ದ ಕಾಡಿಗೆಯೂ ಅದೇ. ಓಲೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು, ಅಕ್ಷರ ಕಾಣಲಿ ಎಂದು ಮಸಿ ತೀಡುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಬಳಪದಲ್ಲಿ ಬರೆದ ಕಡತಗಳು ಶೃಂಗೇರಿ ಮಠದಲ್ಲಿ ಇಂದಿಗೂ ಇವೆ. ಬಿಸಿಲು ಉಳಿದ ಎಷ್ಟೋ ಬಣ್ಣಗಳನ್ನು ತಿನ್ನುತ್ತದೆ, ಮಸಿಯನ್ನು ಅಷ್ಟು ಸುಲಭವಾಗಿ ತಿನ್ನಲಾರದು. ಕಪ್ಪು ಬಿಳುಪಿನ ಪ್ರಿಂಟು ತೆಗೆಯುವವನು ಇದನ್ನು ಮೊದಲು ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ. ಶಾಯಿಯಲ್ಲಿ ಬಣ್ಣದ ಪಾಲು ಕಡಿಮೆಯಾಗಿ ಮಸಿಯ ಪಾಲು ಹೆಚ್ಚಾದಷ್ಟೂ ಅದು ದೀಪದಿಂದ ದೀಪಕ್ಕೆ ವಾಲುವುದೂ ಕಡಿಮೆ, ಮಾಸುವುದೂ ಕಡಿಮೆ.

ಮಸಿಗೆ ತನ್ನದೇ ಒಂದು ಸ್ವಭಾವವಿದೆ. ತೆಳುಮಾಡಿದಾಗ ಅದು ಶುದ್ಧ ಬೂದಾಗಿ ಉಳಿಯದೆ ಕಂದಿನ ಕಡೆಗೆ ಒಲಿಯುತ್ತದೆ. ಅದಕ್ಕಾಗಿಯೇ ಯಂತ್ರದ ಕಪ್ಪು ಬಿಳುಪು ವಿಧಾನದಲ್ಲಿ ಒಂದು ಚಿಟಿಕೆ ಸಯಾನ್ ಮತ್ತು ಮೆಜೆಂಟಾ ಬೆರೆಸಿ ಅದನ್ನು ನಡುವಿಗೆ ತರುತ್ತಾರೆ. ನಾನು ಪೂರ್ತಿ ನಡುವಿಗೆ ತರಲಿಲ್ಲ. ಒಲೆಯ ಮುಂದಿನ ಮುಖಕ್ಕೆ ಆ ಬೆಚ್ಚಗಿನ ಕಂದು ಒಪ್ಪುತ್ತಿತ್ತು.

ಕಾಗದದ ವಿಷಯಕ್ಕೆ ಬಂದರೆ ಹೇಳುವುದು ಬಹಳವಿದೆ. ಮೊದಲು ತಂದದ್ದು ಬರೈಟಾ ಕಾಗದ. ಬೇರಿಯಂ ಸಲ್ಫೇಟಿನ ಲೇಪವಿರುವ, ಸ್ವಲ್ಪ ಹೊಳಪಿನ ಹಾಳೆ. ಅಪ್ಪನ ಬ್ರೋಮೈಡ್ ಕಾಗದಕ್ಕೆ ಹತ್ತಿರದ್ದು ಎಂಬ ಕಾರಣಕ್ಕೆ ತಂದೆ. ಅದರಲ್ಲಿ ಕಪ್ಪು ಎಂದರೆ ಕಪ್ಪು. ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಒಂದು ಪಾಲಿನ ಅರ್ಧ ಮಾತ್ರ ಹಿಂದಿರುಗುತ್ತದೆ. ಹತ್ತಿಯಿಂದ ಮಾಡಿದ, ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಎರಡೂವರೆ ಪಾಲಿನಷ್ಟು ಹಿಂದಿರುಗುತ್ತದೆ. ಹೊಳಪಿನ ಹಾಳೆಗೂ ಮ್ಯಾಟ್ ಹಾಳೆಗೂ ಕಪ್ಪು ಶಾಯಿಯೇ ಬೇರೆ. ಹೊಳಪಿನ ಹಾಳೆಯದನ್ನು ಮ್ಯಾಟ್ ಹಾಳೆಗೆ ಹಾಕಿದರೆ ಚಿತ್ರ ತೊಳೆದಿಟ್ಟಂತೆ ಪೇಲವವಾಗುತ್ತದೆ. ಅಂಗಡಿಯಲ್ಲಿ ಹಾಳೆಯ ಬೆಳ್ಳಗಿನ ಬಿಳುಪಿಗೆ ಮಾರುಹೋಗಬಾರದು ಎನ್ನುವುದನ್ನೂ ಕಲಿತೆ. ಖೋಟಾ ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚನ್ನು ಹಿಡಿದರೆ ಕೆಲವು ಹಾಳೆಗಳು ನೀಲಿಯಾಗಿ ಉರಿಯುತ್ತವೆ. ಬಟ್ಟೆ ಸೋಪಿನಲ್ಲಿರುವಂಥ ಹೊಳಪುಕಾರಕವನ್ನು ಅವುಗಳಿಗೆ ಬೆರೆಸಿರುತ್ತಾರೆ. ಬೆಳಕಿಗೆ ಅದು ಸೋತುಹೋದ ಮೇಲೆ ಹಾಳೆ ತನ್ನ ನಿಜವಾದ ಹಳದಿಗೆ ಮರಳುತ್ತದೆ. ಶಾಯಿ ಉಳಿಯಿತು, ಕಾಗದ ಕೆಟ್ಟಿತು ಎಂದರೆ ಏನು ಬಂತು? ಟಾರ್ಚಿನಡಿ ಮಂಕಾಗಿ ಉಳಿಯುವ ಹಾಳೆಯನ್ನೇ ಆರಿಸಿಕೊಳ್ಳಬೇಕು.

ನೆಗೆಟಿವನ್ನು ಇಂಚಿಗೆ 2400 ಚುಕ್ಕಿಯಂತೆ, 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿಸಿದ್ದೆ. ಪ್ರಿಂಟು ಹನ್ನೆರಡು ಇಂಚಿನ ಚೌಕ. ಮೊದಲ ನಾಲ್ಕು ಪ್ರಿಂಟುಗಳೂ ಕತ್ತಲೆ ಕವಿದಂತೆ ಬಂದವು. ತಪ್ಪು ಪ್ರಿಂಟರಿನದಲ್ಲ. ನನ್ನ ಮಾನಿಟರ್ ಕಾರ್ಖಾನೆಯಿಂದ ಬಂದಾಗಿನ ಹೊಳಪಿನಲ್ಲೇ ಉರಿಯುತ್ತಿತ್ತು. ಬೆಳಕನ್ನು ತಾನೇ ಸೂಸುವ ಪರದೆಯಲ್ಲಿ ನೋಡಿ, ಬೆಳಕನ್ನು ಬೇಡಿ ಪಡೆಯುವ ಕಾಗದಕ್ಕೆ ಅಳತೆ ಕೊಟ್ಟರೆ ಹೀಗೇ ಆಗುವುದು. ಮಾನಿಟರಿನ ಹೊಳಪನ್ನು ಚದರ ಮೀಟರಿಗೆ 100 ಕ್ಯಾಂಡೆಲಾ ಆಸುಪಾಸಿಗೆ ಇಳಿಸಿದ ಮೇಲೆ ಪರದೆಯೂ ಹಾಳೆಯೂ ಒಂದೇ ಮಾತನ್ನು ಆಡತೊಡಗಿದವು.

ಆಮೇಲೆ ಮೆಟ್ಟಿಲುಪಟ್ಟಿ. ಬಿಳಿಯಿಂದ ಕಪ್ಪಿಗೆ ಇಪ್ಪತ್ತೊಂದು ಹಂತಗಳಲ್ಲಿ ಇಳಿಯುವ ಪಟ್ಟಿಯೊಂದನ್ನು ಅದೇ ಕಾಗದದ ಮೇಲೆ ಮುದ್ರಿಸಿ, ಯಾವ ಮೆಟ್ಟಿಲು ಯಾವುದರೊಳಗೆ ಕರಗುತ್ತದೆ ಎಂದು ನೋಡುವುದು. ಯಂತ್ರ ಕೊಂಡ ದಿನವೇ ಮಾಡಬೇಕಾದ ಕೆಲಸ ಇದು. ನಾನು ಮೂರು ತಿಂಗಳು ತಡಮಾಡಿದೆ. ನನ್ನ ಕಾಗದದಲ್ಲಿ ಕೊನೆಯ ಎರಡು ಮೆಟ್ಟಿಲುಗಳು ಒಂದಾಗಿದ್ದವು. ಅಂದರೆ ಚಿತ್ರದಲ್ಲಿ ಆ ಗಾಢತೆಯಲ್ಲಿ ಏನೇ ಇದ್ದರೂ ಹಾಳೆಯ ಮೇಲೆ ಅದು ಇಲ್ಲ. ಅಜ್ಜಿಯ ಹಿಂದಿನ ಗೋಡೆ ಪೂರ್ತಿ ಅಲ್ಲೇ ಬಿದ್ದಿತ್ತು. ಆದ್ದರಿಂದ ಕಂಪ್ಯೂಟರಿನಲ್ಲಿ ನೆರಳಿನ ತುದಿಯನ್ನು ಮಾತ್ರ ನಿಧಾನವಾಗಿ ಮೇಲಕ್ಕೆ ಎತ್ತಿದೆ. ಇಲ್ಲಣದ ಎಳೆಗಳು ಬಿಡಿಬಿಡಿಯಾದವು. ತೊಲೆಗೆ ಕಟ್ಟಿದ್ದ ಸೌತೆಕಾಯಿಗಳು ಕಂಡವು. ಎಡಮೂಲೆಯಲ್ಲಿ ಮಜ್ಜಿಗೆ ಕಡೆಯುವ ಕಂಬ ಮೂಡಿತು.

ಕಂಬದ ಹಿಂದೆ ಯಾರೋ ಕುಳಿತಿದ್ದರು.

ಬರೈಟಾ ಹಾಳೆಯ ಮೇಲೆ ಅವರು ಸ್ಪಷ್ಟವಾಗಿಯೇ ಬಂದರು. ಬೋಳಿಸಿದ ತಲೆಯ ಮೇಲೆ ಎಳೆದುಕೊಂಡ ಸೆರಗು, ಕಡೆಗೋಲಿನ ಹಗ್ಗವನ್ನು ಹಿಡಿದ ಒಂದು ಕೈ, ಕಂಬದಿಂದಾಚೆಗೆ ಇಣುಕುವ ಅರ್ಧ ಮುಖ. ಸೀರೆ ಕತ್ತಲಿಗಿಂತ ಕೂದಲೆಳೆಯಷ್ಟು ತಿಳಿ. ಮಡಿ ಹೆಂಗಸರ ಆ ಕೆಂಪು ಸೀರೆ ಮಂದ ಬೆಳಕಿನಲ್ಲಿ ಫಿಲ್ಮಿನ ಮೇಲೆ ಹೆಚ್ಚುಕಡಿಮೆ ಮಸಿಯೇ ಆಗಿಬಿಟ್ಟಿತ್ತು. ಅಪ್ಪನ ಪ್ರಿಂಟನ್ನು ಐವತ್ತು ವರ್ಷ ನೋಡಿದ ಮನೆಯಲ್ಲಿ ಯಾರೂ ಈ ಮಾತು ಆಡಿರಲಿಲ್ಲ. ಹಳೆಯ ಕಾಗದಕ್ಕೆ ಇಷ್ಟು ಹಿಡಿಯುವ ಶಕ್ತಿ ಇರಲಿಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೆಮ್ಮೆಪಟ್ಟೆ.

ಅಪ್ಪನ ನೋಟ್‌ಬುಕ್ಕನ್ನು ತೆರೆದದ್ದು ಬೇರೇನೋ ಹುಡುಕಲು. ಪ್ರತಿ ನೆಗೆಟಿವಿಗೂ ಅವರು ಬೆಳಕಿನ ಲೆಕ್ಕ ಬರೆದಿಡುತ್ತಿದ್ದರು. ಅಜ್ಜಿಯ ಚಿತ್ರಕ್ಕೆ ಎರಡು ಸಾಲುಗಳಿದ್ದವು. ಮೊದಲನೆಯದು: ‘9 ಸೆ.’ ಅದರ ಕೆಳಗೆ ಬೇರೆ ಶಾಯಿಯಲ್ಲಿ: ‘9 ಸೆ. ಎಡಮೂಲೆ +20.’

ಕತ್ತಲೆಕೋಣೆಯಲ್ಲಿ ಕೆಲಸ ಮಾಡಿದವರಿಗೆ ಇದು ಓದಿದೊಡನೆ ಅರ್ಥವಾಗುತ್ತದೆ. ನೆಗೆಟಿವಿನ ಚಿತ್ರವನ್ನು ದೊಡ್ಡದಾಗಿ ಬೀರುವ ಎನ್ಲಾರ್ಜರಿನ ಬೆಳಕು ಕಾಗದದ ಮೇಲೆ ಎಷ್ಟು ಹೆಚ್ಚು ಹೊತ್ತು ಬಿದ್ದರೆ ಆ ಜಾಗ ಅಷ್ಟು ಕಪ್ಪಾಗುತ್ತದೆ. ರಟ್ಟಿಗೊಂದು ತೂತು ಮಾಡಿ, ಉಳಿದದ್ದನ್ನೆಲ್ಲ ಮರೆಮಾಡಿ, ಬೇಕಾದ ಜಾಗಕ್ಕೆ ಮಾತ್ರ ಬೆಳಕು ಬಿಡುತ್ತಾರೆ. ಅಂಚು ಗೊತ್ತಾಗದಿರಲಿ ಎಂದು ಅಷ್ಟು ಹೊತ್ತೂ ರಟ್ಟನ್ನು ಅಲುಗಿಸುತ್ತಿರಬೇಕು. ಇಡೀ ಚಿತ್ರಕ್ಕೆ ಒಂಬತ್ತು ಸೆಕೆಂಡು ಸಾಕಾಗಿರುವಾಗ ಆ ಒಂದು ಮೂಲೆಗೆ ಇಪ್ಪತ್ತು ಸೆಕೆಂಡು ಹೆಚ್ಚು. ಕಾಗದಕ್ಕೆ ಶಕ್ತಿ ಇತ್ತು. ಅಪ್ಪ ಬಚ್ಚಲುಮನೆಯ ಕೆಂಪು ದೀಪದಡಿ ನಿಂತು, ಕೈಯಾಡಿಸುತ್ತ, ಅವರನ್ನು ಕತ್ತಲೆಯೊಳಗೆ ಕಳಿಸಿದ್ದರು.

ಪ್ರಿಂಟನ್ನು ತೆಗೆದುಕೊಂಡು ಶಿವಮೊಗ್ಗಕ್ಕೆ ಹೋದೆ. ಅತ್ತೆ ಕನ್ನಡಕ ಹಾಕಿಕೊಂಡು ತಮ್ಮ ಅಮ್ಮನನ್ನು ನೋಡಿದರು, ಒಲೆಯನ್ನು ನೋಡಿದರು, ಆಮೇಲೆ ಬೆರಳು ಎಡಕ್ಕೆ ಸರಿದು ಅಲ್ಲೇ ನಿಂತಿತು.

"ದೊಡ್ಡತ್ತೆ" ಎಂದರು.

ದೊಡ್ಡತ್ತೆ ಎಂದರೆ ನಮ್ಮ ಅಜ್ಜನ ಅಕ್ಕ. ಹನ್ನೊಂದಕ್ಕೆ ಮದುವೆ, ಹನ್ನೆರಡಕ್ಕೆ ಗಂಡ ಹೋದ. ಉಳಿದ ಅರವತ್ತು ವರ್ಷ ತೌರಿನ ಅಡುಗೆಮನೆ. ಅವರದೊಂದು ಪಟ ಇಲ್ಲ ಎನ್ನುವುದು ನನಗೆ ಗೊತ್ತಿತ್ತು, ಯಾಕೆ ಇಲ್ಲ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

"ನಿನ್ನ ಅಪ್ಪ ಮೊದಲು ತೆಗೆದ ಪ್ರಿಂಟಿನಲ್ಲಿ ಹೀಗೆಯೇ ಕಾಣುತ್ತಿದ್ದಳು" ಎಂದರು ಅತ್ತೆ. "ತಂದು ತೋರಿಸಿದ. ಅವಳೇ ಮೊದಲು ಕಂಡದ್ದು. ಇದರಲ್ಲಿ ನಾನು ಇದ್ದೇನಲ್ಲ, ತೆಗೆದುಬಿಡು ಎಂದಳು. ಮದುವೆ ಮುಂಜಿಗೆ ಬಂದವರು ನೋಡುವ ಪಟದಲ್ಲಿ ನಾನು ಯಾಕೆ ಎಂದಳು. ಅಣ್ಣ ಒಪ್ಪಲಿಲ್ಲ. ಎರಡು ದಿನ ವಾದ ಮಾಡಿದ. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಹೊಸದು ಮಾಡಿಕೊಂಡು ಬಂದು ಅವಳ ಮುಂದೆ ಹಿಡಿದ. ಹಳೆಯದನ್ನು ಅವಳೇ ಒಲೆಗೆ ಹಾಕಿದಳು."

ನೆಗೆಟಿವನ್ನು ಮಾತ್ರ ಅಪ್ಪ ಕತ್ತರಿಸಲಿಲ್ಲ.

ನಾನು ಏನು ಮಾಡಲಿ ಅತ್ತೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಅವಳು ಬೇಡ ಎಂದದ್ದನ್ನು ಮೀರುವುದು ಬೇಡ. ಬಂದವರೆಲ್ಲ ನೋಡಿ, ಇದು ಯಾರು ಎಂದು ಕೇಳುವ ಹಾಗೆ ಆಗಬಾರದು. ಆದರೆ ನನಗೆ ಅವಳನ್ನು ನೋಡಬೇಕು ಮಾರಾಯ. ನನಗೆ ತಲೆ ಬಾಚಿದ್ದು ಅವಳು."

ಬೆಂಗಳೂರಿಗೆ ಮರಳುವ ರೈಲಿನಲ್ಲಿ ಈ ಮಾತೇ ತಲೆಯಲ್ಲಿತ್ತು. ಇರಬೇಕು, ಕಾಣಬಾರದು. ಕತ್ತಲೆಕೋಣೆಯಾಗಲಿ ಪ್ರಿಂಟರಾಗಲಿ ಇಂತಹದ್ದನ್ನು ಮಾಡಲು ಬರುತ್ತದೆಯೇ? ಬರುತ್ತದೆ ಎಂದು ಹೊಳೆದದ್ದು ನನ್ನ ಹಳೆಯ ತೊಂದರೆಯೊಂದರಿಂದ. ರಾತ್ರಿ ಮೇಜಿನ ದೀಪದಡಿ ಮುದ್ದೆಯಾಗಿ ಕಂಡ ನೆರಳುಗಳು ಬೆಳಿಗ್ಗೆ ಕಿಟಕಿಯ ಬಳಿ ಬಿಡಿಸಿಕೊಂಡು ಕಾಣುತ್ತಿದ್ದವು. ಯಾವ ಬೆಳಕಿನಲ್ಲಿ ನೋಡಿ ತೀರ್ಮಾನಿಸಬೇಕು ಎಂದು ತಿಳಿಯದೆ ನಾನು ಎಷ್ಟೋ ಹಾಳೆಗಳನ್ನು ಹಾಳುಮಾಡಿದ್ದೆ. ಪ್ರಿಂಟು ಪರದೆಯಂತಲ್ಲ, ಅದರ ಮೇಲೆ ಬೀಳುವ ಬೆಳಕು ಹೆಚ್ಚಾದಂತೆ ಅದರ ಕತ್ತಲೆ ತೆರೆದುಕೊಳ್ಳುತ್ತದೆ. ಕಿಟಕಿಯಿಂದ ಬರುವ ಹಗಲು ಕೋಣೆಯ ರಾತ್ರಿ ದೀಪಕ್ಕಿಂತ ಹತ್ತಾರು ಪಟ್ಟು ಹೆಚ್ಚು.

ಬರೈಟಾವನ್ನು ಕೈಬಿಟ್ಟೆ. ಅದರ ಕಪ್ಪು ಎಷ್ಟೇ ಚೆಂದವಿದ್ದರೂ ಅದರ ಮೈಯಲ್ಲಿ ಕಿಟಕಿಯೇ ಪ್ರತಿಬಿಂಬಿಸುತ್ತದೆ, ಬೆಳಕು ಹೆಚ್ಚಾದಾಗ ನೆರಳಿನ ಬದಲು ಹೊಳಪು ಕಾಣುತ್ತದೆ. ಮ್ಯಾಟ್ ಹಾಳೆಗೆ ಆ ದೋಷವಿಲ್ಲ. ಅಲ್ಲಿ ಮಸಿ ಹತ್ತಿಯ ನಾರಿನೊಳಗೆ ಕೂರುತ್ತದೆ. ಕಪ್ಪು ಅಷ್ಟು ಗಾಢವಲ್ಲ, ಆದರೆ ಯಾವ ಕಡೆಯಿಂದ ನೋಡಿದರೂ ಮೃದು. ಈ ಕಾಗದ ತರಲೆ ಕಾಗದವೂ ಹೌದು. ಮುದ್ರಿಸುವ ಮುನ್ನ ಮೃದು ಬ್ರಶ್ಶಿನಿಂದ ಧೂಳು ತೆಗೆಯದಿದ್ದರೆ ಸಡಿಲ ನಾರಿನ ಮೇಲೆ ಶಾಯಿ ಬಿದ್ದು, ಆಮೇಲೆ ನಾರು ಉದುರಿ, ಕಪ್ಪಿನ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ. ದೊಡ್ಡತ್ತೆಯ ಹಣೆಯ ಜಾಗದಲ್ಲಿಯೇ ಒಮ್ಮೆ ಹಾಗೆ ಚುಕ್ಕೆ ಬಿತ್ತು. ಆ ಹಾಳೆಯನ್ನು ಎರಡನೆಯ ಸಲ ನೋಡಲು ಮನಸ್ಸಾಗಲಿಲ್ಲ.

ಆ ಮೂಲೆಯನ್ನು ಮಾತ್ರ ಸಣ್ಣ ಪಟ್ಟಿಗಳಾಗಿ ಮುದ್ರಿಸುತ್ತ ಹೋದೆ. ಪ್ರತಿ ಪಟ್ಟಿಯಲ್ಲೂ ಮುಖದ ತಿಳಿವು ಹಿಂದಿನದಕ್ಕಿಂತ ಒಂದು ಎಳೆ ಕಡಿಮೆ. ಮುದ್ರಿಸಿದ ಕೂಡಲೇ ನೋಡಿ ನಿರ್ಧರಿಸುವಂತಿಲ್ಲ. ಶಾಯಿಯ ತೇವ ಆರಿ ಕಪ್ಪು ತನ್ನ ನೆಲೆಗೆ ಬರಲು ಒಂದು ರಾತ್ರಿ ಬಿಡುತ್ತಿದ್ದೆ. ರಾತ್ರಿ ಎಂಟಕ್ಕೆ ಹಾಲಿನ ದೀಪದಡಿ ನೋಡುವುದು, ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಯ ಬಳಿ ನೋಡುವುದು, ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುವುದು. ಮೊದಲ ಐದು ಪಟ್ಟಿಗಳಲ್ಲಿ ರಾತ್ರಿಯೂ ಕಂಡರು. ಎಂಟನೆಯದರಿಂದಾಚೆಗೆ ಹಗಲೂ ಕಾಣಲಿಲ್ಲ. ನಡುವೆ ಉಳಿದದ್ದು ಕೂದಲೆಳೆಯಷ್ಟು ಜಾಗ. ಹತ್ತು ದಿನ ಅದರಲ್ಲೇ ಓಡಾಡಿದೆ. ಅಪ್ಪನ ನೋಟ್‌ಬುಕ್ಕಿನಲ್ಲೇ, ಅವರ ಎರಡು ಸಾಲುಗಳ ಕೆಳಗೆ, ನನ್ನದೊಂದು ಸಾಲು ಸೇರಿಸಿದೆ.

ಏಪ್ರಿಲ್‌ನಲ್ಲಿ ಚೌಕಟ್ಟು ಹಾಕಿಸಿದ ಪ್ರಿಂಟನ್ನು ತೆಗೆದುಕೊಂಡು ಹೋದೆ. ಪ್ರತಿಫಲನ ತಡೆಯುವ ಗಾಜು, ಗಾಜಿಗೂ ಹಾಳೆಗೂ ನಡುವೆ ಮೌಂಟಿನ ಅಂತರ. ತಲುಪಿದ್ದು ಸಂಜೆ. ಅಕ್ಕಪಕ್ಕದವರು ನಾಲ್ಕೈದು ಜನ ಬಂದು ನೋಡಿದರು. ಅಜ್ಜಿಯ ಹೆಗಲ ಮೇಲಿನ ಬಿಸಿಲನ್ನು ಮೆಚ್ಚಿದರು, ಊದುಗೊಳವೆಯ ಬಗ್ಗೆ ಮಾತಾಡಿದರು. ಎಡಮೂಲೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅತ್ತೆಯೂ ಹೇಳಲಿಲ್ಲ, ನನ್ನ ಕಡೆಗೊಮ್ಮೆ ನೋಡಿದರು ಅಷ್ಟೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಪಟವನ್ನು ಸೋಫಾದ ಮೇಲಿಂದ ಎತ್ತಿ, ಪೂರ್ವದ ಕಿಟಕಿಯ ಎದುರಿನ ಗೋಡೆಗೆ ಒರಗಿಸಿ, ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೊಮ್ಮಗ ಮೊಳೆ ಹೊಡೆಯಲು ಸುತ್ತಿಗೆ ತಂದಿದ್ದ. ನೇರ ಬಿಸಿಲು ಬೀಳುವ ಜಾಗದಲ್ಲಿ ಫೋಟೋ ಹಾಕಬಾರದು ಎಂದು ಅವನು ಎಲ್ಲೋ ಓದಿದ್ದನಂತೆ, ಸರಿಯೋ ತಪ್ಪೋ ಎಂದು ನನ್ನನ್ನು ಕೇಳಿದ. ಸಾಮಾನ್ಯವಾಗಿ ಸರಿ ಎಂದೆ. ಇದರಲ್ಲಿ ಇರುವುದು ಹೆಚ್ಚಾಗಿ ಮಸಿ, ಹೊಡಿ ಎಂದೆ.

"ಇನ್ನೊಂದು ಗೇಣು ಕೆಳಗೆ" ಎಂದರು ಅತ್ತೆ. "ಕುಳಿತರೆ ಕಾಣಬೇಕು."